ದೋಣಿ ಇಟ್ರೆ ಎಷ್ಟು ಉಳಿಯುತ್ತೆ? ಅಘನಾಶಿನಿ ಅಳಿವೆಯ ಗಜನಿ ರೈತನ ಬೇಸಿಗೆ ಲೆಕ್ಕ

"ಅಣ್ಣಾ, ನೀವು ಬೇಸಿಗೇಲಿ ದೋಣಿ ಓಡಿಸ್ತೀರಂತೆ. ವರ್ಷಕ್ಕೆ ಎಷ್ಟು ಉಳಿಯುತ್ತೆ?"

ಮಾರ್ಚ್ ಬಂತು ಅಂದ್ರೆ ವಾಟ್ಸಾಪ್‌ಗೆ ಇಂಥ ಮೆಸೇಜು ಶುರು. ಕೇಳೋರು ಹೆಚ್ಚಿನವರು ನನ್ನ ಹಾಗೇ ಎರಡು ಮೂರು ಎಕರೆ ಇರುವವರು, ಹೊಳೆ ಪಕ್ಕ ಅಥವಾ ಕಡಲ ಪಕ್ಕ ಮನೆ ಇರುವ ಹುಡುಗರು. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಯಿತು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಒಮ್ಮೆ ಇಲ್ಲಿ ಬರೆದುಬಿಡುತ್ತೇನೆ, ಹೇಳೋಕೆ ನಾಚಿಕೆಯಾಗುವ ಒಂದು ದಿನದ ಕಥೆಯನ್ನೂ ಸೇರಿಸಿ. ಘಟ್ಟದ ಮೇಲಿಂದ ಕಡಲು ನೋಡೋಕೆ ಬರುವ ರೈತ ಗೆಳೆಯರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ.

ನಮ್ಮದು ಕುಮಟಾ ತಾಲ್ಲೂಕು. ಅಘನಾಶಿನಿ ಹೊಳೆ ಶಿರಸಿ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟು ಕಾಣದೆ ಇಳಿದು, ಇಲ್ಲಿ ಕಡಲು ಸೇರುತ್ತದೆ. ಸೇರುವ ಜಾಗ ಅಳಿವೆ. ಒಂದು ದಡದಲ್ಲಿ ತದಡಿ ಬಂದರು, ಇನ್ನೊಂದು ದಡದಲ್ಲಿ ಅಘನಾಶಿನಿ ಊರು. ಅಳಿವೆಯ ಒಳಗೆ ನೀರು ಹರಡಿಕೊಂಡು ಕೆರೆಯ ಹಾಗೆ ನಿಂತಿದೆ. ಅದರ ನಡುವೆ ಕುರ್ವೆಗಳು. ಪುಸ್ತಕದವರು ನಡುಗಡ್ಡೆ ಅಂತಾರೆ, ಉಡುಪಿ ಕಡೆ ಕುದ್ರು ಅಂತಾರೆ, ನಮ್ಮಲ್ಲಿ ಕುರ್ವೆ. 2024ರಲ್ಲಿ ಈ ಅಳಿವೆ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು, ಒಟ್ಟು 4,801 ಹೆಕ್ಟೇರ್. ಆಮೇಲೆ ನೋಡೋಕೆ ಬರುವವರೂ ಹೆಚ್ಚಾದರು.

ನನ್ನ ಗದ್ದೆ ಗಜನಿ. ಅಂದರೆ ಭರತ ಬಂದಾಗ ಉಪ್ಪುನೀರು ಹತ್ತುವ ಭೂಮಿ. ಕಟ್ಟೆ ಕಟ್ಟಿ, ಹಲಗೆ ಬಾಗಿಲು ಇಟ್ಟು, ಮಳೆಗಾಲದಲ್ಲಿ ಸಿಹಿನೀರು ಹಿಡಿದು ಕಗ್ಗ ಭತ್ತ ಬಿತ್ತುತ್ತೇವೆ. ಕಗ್ಗ ಉಪ್ಪು ತಾಳುತ್ತದೆ, ಕೆಲವು ದಿನ ನೀರೊಳಗೆ ಮುಳುಗಿದರೂ ಎದ್ದು ನಿಲ್ಲುತ್ತದೆ, ಗೊಬ್ಬರ ಕೇಳೋದಿಲ್ಲ. ಕೊಯ್ಲು ಮುಗಿದ ಮೇಲೆ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಮಾತ್ರ ಕೈ ಖಾಲಿ. ದೋಣಿ ಬಂದದ್ದು ಆ ಖಾಲಿ ಜಾಗಕ್ಕೆ.

ಒಂದು ದಿನದ ತಿರುಗಾಟ ಹೇಗಿರುತ್ತೆ

ಬೆಳಿಗ್ಗೆ ಆರೂವರೆಗೆ ಧಕ್ಕೆಯಲ್ಲಿ ಇರಬೇಕು ಅಂತ ಹೇಳಿರ್ತೇನೆ, ಏಳೂವರೆಗೆ ಬರ್ತಾರೆ. ಒಂದು ಸಲಕ್ಕೆ ಎಂಟು ಜನ. ಭರತ ಏರುತ್ತಿರುವಾಗ ಹೊರಟರೆ ಕಾಂಡ್ಲಾ ಕಾಡಿನ ನಡುವಿನ ಸಣ್ಣ ಹಳ್ಳಗಳಿಗೆ ನುಗ್ಗಬಹುದು. ಅಲ್ಲಿ ಎಂಜಿನ್ ಬಂದ್ ಮಾಡಿ ಹುಟ್ಟು ಹಾಕುತ್ತೇವೆ. ಮಾತಾಡುತ್ತಾ ಬಂದವರು ಆ ನೆರಳಿಗೆ ಬಂದ ಕೂಡಲೇ ಸುಮ್ಮನಾಗಿಬಿಡ್ತಾರೆ, ಯಾಕೋ ಗೊತ್ತಿಲ್ಲ. ಬೇರುಗಳ ಮಧ್ಯೆ ಏಡಿ ಓಡುವುದು, ಮಿಂಚುಳ್ಳಿ ಎರಗುವುದು, ಅಷ್ಟೇ ಅಲ್ಲಿ ನೋಡೋದು.

ಇಳಿತ ಶುರುವಾದ ಮೇಲೆ ಹೊಳೆ ನಡುವೆ ಮರಳು ದಿಬ್ಬ ತಲೆ ಎತ್ತುತ್ತದೆ. ಸೊಂಟದ ಮಟ್ಟ ನೀರಲ್ಲಿ ನಿಂತು ಹೆಂಗಸರು, ಗಂಡಸರು ಬೆಳಚು ಆರಿಸುತ್ತಿರುತ್ತಾರೆ. ಬಂದವರಿಗೆ ಇದೇ ಎಲ್ಲಕ್ಕಿಂತ ಇಷ್ಟ. ಅವರ ಹೊಟ್ಟೆಪಾಡಿನ ಜಾಗದಲ್ಲಿ ನಿಂತು ಸೆಲ್ಫಿ ತೆಗೆಯೋದು ಬೇಡ ಅಂತ ಮೊದಲೇ ಹೇಳಿಬಿಡ್ತೇನೆ. ಬೇಕಾದ್ರೆ ಅವರ ಹತ್ತಿರವೇ ಬೆಳಚು ಕೊಂಡುಕೊಳ್ಳಿ ಅಂತೇನೆ. ಕೊಳ್ತಾರೆ.

ಮಧ್ಯಾಹ್ನದ ಊಟ ಕುರ್ವೆಯ ಒಂದು ಮನೆಯಲ್ಲಿ. ಕಗ್ಗದ ಕೆಂಪಕ್ಕಿ ಗಂಜಿ ಅಥವಾ ಅನ್ನ, ಅಪ್ಪೆಹುಳಿ, ಬೆಳಚಿನ ಸುಕ್ಕ, ಮೀನು ಬೇಡದವರಿಗೆ ತೊಂಡೆಕಾಯಿ ಪಲ್ಯ, ಕೊನೆಗೆ ಬಿರಿಂಡಾ ಪಾನಕ. ಒಂದು ವಿಷಯ ಮಾತ್ರ ನೆನಪಿರಲಿ. ಏಪ್ರಿಲ್ ಮುಗಿಯುವ ಹೊತ್ತಿಗೆ ಕುರ್ವೆಯ ಎಷ್ಟೋ ಬಾವಿಗಳ ನೀರು ಉಪ್ಪಾಗಿರುತ್ತದೆ. ಆ ಮನೆಯವರು ಕುಡಿಯುವ ನೀರನ್ನು ಕೊಡದಲ್ಲಿ ತುಂಬಿ ದೋಣಿಯಲ್ಲಿ ತರುತ್ತಾರೆ. ಎಂಟು ಜನ ಹೋಗಿ ಕೈಕಾಲು ಮುಖ ತೊಳೆದರೆ ಅವರ ಎರಡು ದಿನದ ನೀರು ಖಾಲಿ. ನಾನೀಗ 20 ಲೀಟರಿನ ನಾಲ್ಕು ಕ್ಯಾನ್ ಜೊತೆಗೇ ಒಯ್ಯುತ್ತೇನೆ, ಉಳಿದದ್ದು ಮನೆಯವರಿಗೆ. ಮೊದಲ ವರ್ಷ ಇದು ನನಗೆ ಹೊಳೆದಿರಲಿಲ್ಲ. ಆ ಮನೆಯ ಅಮ್ಮ ಬಾಯಿಬಿಟ್ಟು ಹೇಳಲೂ ಇಲ್ಲ.

ಈಗ ದುಡ್ಡಿನ ಮಾತು

ಹಳೆ ಫೈಬರ್ ದೋಣಿ, ಹಳೆ ಔಟ್‌ಬೋರ್ಡ್ ಎಂಜಿನ್ ಸೇರಿ ನನಗೆ 2 ಲಕ್ಷ 60 ಸಾವಿರ ಬಿತ್ತು. ಅರ್ಧ ಕೈಯಿಂದ, ಅರ್ಧ ಸೊಸೈಟಿ ಸಾಲ. ತಲೆಗೆ 900 ರೂಪಾಯಿ, ಊಟ ಸೇರಿ. ಕಳೆದ ಬೇಸಿಗೆಯಲ್ಲಿ 22 ಟ್ರಿಪ್ ಆಯಿತು, ಎಲ್ಲವೂ ಎಂಟೆಂಟು ಜನರದ್ದೇ. ಒಟ್ಟು ಬಂದದ್ದು 1,58,400.

ಅದರಲ್ಲಿ ಊಟ ಹಾಕಿದ ಮನೆಗೆ ತಲೆಗೆ 300ರಂತೆ 52,800. ಪೆಟ್ರೋಲ್ ಟ್ರಿಪ್ಪಿಗೆ 900ರಂತೆ 19,800. ಜೊತೆಗೆ ಬರುವ ಹುಡುಗನಿಗೆ ದಿನಕ್ಕೆ 700ರಂತೆ 15,400. ಎಂಜಿನ್ ಸರ್ವಿಸ್, ಬಣ್ಣ, ಜಾಕೆಟ್, ಸರ್ವೆ ಫೀಸು, ವಿಮೆ ಎಲ್ಲ ಸೇರಿ 22 ಸಾವಿರ. ಉಳಿದದ್ದು 48,400. ಇದರಲ್ಲಿ ಸಾಲದ ಕಂತು ಹೋಗಬೇಕು, ನನ್ನ ಕೂಲಿ ಹಿಡಿದಿಲ್ಲ. ಯೂಟ್ಯೂಬಿನಲ್ಲಿ "ದೋಣಿ ವಿಹಾರದಿಂದ ತಿಂಗಳಿಗೆ ಲಕ್ಷ" ಅಂತ ನೋಡಿದವರು ಇಲ್ಲಿ ಒಮ್ಮೆ ನಿಂತು ಓದಿ.

ನನಗೆ ನಿಜವಾಗಿ ಲಾಭ ಕೊಟ್ಟದ್ದು ಬೇರೆ. ಕುರ್ವೆಯಲ್ಲಿ ಉಂಡವರು "ಈ ಅಕ್ಕಿ ಎಲ್ಲಿ ಸಿಗುತ್ತೆ?" ಅಂತ ಕೇಳೋಕೆ ಶುರು ಮಾಡಿದರು. ಅದುವರೆಗೆ ಕಗ್ಗವನ್ನು ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದೆವು. ಈಗ ಐದೈದು ಕಿಲೋ ಚೀಲ ಮಾಡಿ ದೋಣಿಯಲ್ಲೇ ಇಟ್ಟಿರುತ್ತೇನೆ, ಕಿಲೋಗೆ 90. ಹೋದ ವರ್ಷ ಮೂರು ಕ್ವಿಂಟಲ್ ಹೀಗೇ ಹೋಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಬಂದುಹೋದವರು ಆಮೇಲೆ ಫೋನ್ ಮಾಡಿ ತರಿಸಿಕೊಂಡದ್ದು. ನಮ್ಮ ಪಕ್ಕದವರ ಕುಮಟಾ ಈರುಳ್ಳಿ ಜಡೆಗಳೂ ನನ್ನ ದೋಣಿಯಲ್ಲಿ ಮಾರಾಟವಾಗ್ತವೆ. ಅದಕ್ಕೆ ನಾನು ಕಮಿಷನ್ ತಗೊಳ್ಳಲ್ಲ, ಮಳೆಗಾಲದಲ್ಲಿ ಅವರ ಪಂಪ್ ಸೆಟ್ ಬೇಕಾಗುತ್ತೆ ನನಗೆ.

ಫೋನಿನಲ್ಲಿ ನೀರು ನೋಡೋದು

ಶುರುವಿನಲ್ಲಿ ನನಗೆ ಎರಡು ಸಲ ಕೆಸರಲ್ಲಿ ದೋಣಿ ಸಿಕ್ಕಿಕೊಂಡಿತ್ತು. ಒಂದು ಸಲ ಚಿಕ್ಕ ಮಕ್ಕಳೂ ಇದ್ದರು, ಮೇ ಬಿಸಿಲಿನಲ್ಲಿ ಎರಡು ಗಂಟೆ ಕೂತೆವು. ನೀರು ಬರುವ ತನಕ ಮಾಡೋದೇನೂ ಇರಲಿಲ್ಲ. ಹೊಳೆ ಪಕ್ಕ ಹುಟ್ಟಿದವನಿಗೆ ಇದು ಮರ್ಯಾದೆ ಪ್ರಶ್ನೆ.

ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿ ಸುತ್ತ ಏರಿಳಿತ ಕಡಿಮೆ. ಇಷ್ಟು ಅಜ್ಜನಿಗೂ ಗೊತ್ತಿತ್ತು. ಈಗ ಫೋನಿನಲ್ಲಿ ಕಾರವಾರದ ಉಬ್ಬರ ಇಳಿತದ ಸಮಯ ನಿಮಿಷ ಸಮೇತ ಸಿಗುತ್ತದೆ. ಆದರೆ ಅದು ಕಾರವಾರದ್ದು, ಕಡಲ ಬಾಯಿಯದ್ದು. ಹೊಳೆಯೊಳಗೆ ಮೇಲೆ ಮೇಲೆ ಹೋದ ಹಾಗೆ ಭರತ ತಡ. ನಾನು ಒಂದು ಬಿದಿರಿಗೆ ಅರ್ಧ ಅರ್ಧ ಅಡಿಗೆ ಬಣ್ಣ ಬಳಿದು ನಮ್ಮ ಧಕ್ಕೆ ಪಕ್ಕ ಊರಿ, ಹದಿನೈದು ದಿನ ಬರೆದಿಟ್ಟೆ. ನಮ್ಮ ಜಾಗಕ್ಕೆ ಮುಕ್ಕಾಲು ಗಂಟೆಯಷ್ಟು ಸೇರಿಸಬೇಕು ಅಂತ ಗೊತ್ತಾಯಿತು. ನಿಮ್ಮ ಜಾಗಕ್ಕೆ ಎಷ್ಟು ಅಂತ ನಿಮ್ಮ ಬಿದಿರೇ ಹೇಳಬೇಕು.

ಮೇ ತಿಂಗಳಲ್ಲಿ ಇನ್ನೊಂದು ತಲೆನೋವು ಸಂಜೆ ಗುಡುಗು. ಬಯಲಲ್ಲಿ ಉಳುಮೆ ಮಾಡುವಾಗ ಸಿಡಿಲಿಗೆ ಹೆದರುವ ನಾವು ಬಯಲು ನೀರಿನ ಮೇಲೆ ಇನ್ನೂ ಹೆಚ್ಚು ಹೆದರಬೇಕು, ಅಲ್ಲಿ ಎಲ್ಲರಿಗಿಂತ ಎತ್ತರ ನಾವೇ. ಗದ್ದೆಗೆ ಅಂತ ಹಾಕಿಕೊಂಡ ದಾಮಿನಿ ಆ್ಯಪ್ ದೋಣಿಯಲ್ಲೂ ನೋಡ್ತೇನೆ. ಮಧ್ಯಾಹ್ನ ಎರಡೂವರೆಗೆ ಎಲ್ಲರೂ ದಡದಲ್ಲಿ, ಪೂರ್ವದ ಗುಡ್ಡದ ಮೇಲೆ ಮೋಡ ಇರಲಿ ಬಿಡಲಿ.

ಅಳಿವೆ ದಾಟಿದ ದಿನ

ಮೂರು ವರ್ಷದ ಹಿಂದೆ, ಮೇ ತಿಂಗಳ ಎರಡನೇ ಶನಿವಾರ. ದಾವಣಗೆರೆ ಕಡೆಯ ಎಂಟು ಜನ, ಎಲ್ಲ ರೈತರು, ಒಬ್ಬರು ಅರವತ್ತು ದಾಟಿದವರು. ಕುರ್ವೆಗೆ ಕರಕೊಂಡು ಹೋಗೋದು ಅಂತ ಮಾತಾಗಿತ್ತು. ದೋಣಿ ಹತ್ತಿದ ಮೇಲೆ ಒಬ್ಬ ಹುಡುಗ ಫೋನ್ ತೋರಿಸಿದ: "ಅಣ್ಣಾ, ಇದು ಓಂ ಬೀಚ್ ಅಲ್ವಾ? ಕಡಲಿಂದ ನೋಡಬೇಕು. ಇಲ್ಲೇ ಹತ್ರ ತೋರಿಸ್ತಿದೆ. ಎರಡು ಸಾವಿರ ಜಾಸ್ತಿ ಕೊಡ್ತೇವೆ."

ಮ್ಯಾಪಿನಲ್ಲಿ ಹತ್ತಿರ ಹೌದು. ತದಡಿಯ ಗುಡ್ಡದ ಮೂಗು ಸುತ್ತಿದರೆ ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಆಮೇಲೆ ಓಂ. ಗುಡ್ಡ ನೇರ ಕಡಲಿಗೆ ಇಳಿದ ಕರಾವಳಿ ಇದು, ಕಾಲಡಿಗೆ ಕಪ್ಪು ಬಂಡೆ. ನೋಡೋಕೆ ಚಂದ, ಇಳಿಯೋಕೆ ಜಾಗ ಕಮ್ಮಿ. ಧಕ್ಕೆಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಹಿರಿಯರೊಬ್ಬರು, "ತಮಾ, ಇವತ್ತು ಅಳಿವೆ ಸರಿ ಇಲ್ಲ, ಹೊರಗೆ ಹೋಗೂದು ಬೇಡ" ಅಂದರು. ಗಾಳಿ ಇರಲಿಲ್ಲ, ನೀರು ಕನ್ನಡಿಯ ಹಾಗಿತ್ತು. ಇವರಿಗೆ ವಯಸ್ಸಾಯ್ತು ಅಂದುಕೊಂಡೆ.

ಹೋಗುವಾಗ ಭರತ, ಸಲೀಸಾಗಿ ದಾಟಿದೆವು. ಬಂಡೆಗೆ ಅಲೆ ಬಡಿಯೋದನ್ನು ದೂರದಿಂದ ನೋಡಿ ಎಲ್ಲರೂ ಖುಷಿ. ತಡವಾದದ್ದು ಅಲ್ಲಿ. ವಾಪಸ್ ಅಳಿವೆ ಬಾಯಿಗೆ ಬಂದಾಗ ಒಂದೂವರೆ ಗಂಟೆ, ಇಳಿತ ಜೋರಾಗಿ ಹೊರಗೆ ಹರಿಯುತ್ತಿತ್ತು, ಪಡುವಣ ಗಾಳಿ ಎದ್ದಿತ್ತು. ಹೊರಗೆ ಹೋಗುವ ನೀರು ಒಳಗೆ ಬರುವ ಅಲೆಗೆ ಎದುರಾದರೆ ಅಲೆ ಗಿಡ್ಡವಾಗಿ, ಕಡಿದಾಗಿ, ಮರಳು ದಿಬ್ಬದ ಮೇಲೆ ಒಡೆಯುತ್ತದೆ. ಎಲ್ಲೋ ದೂರದ ಸಮುದ್ರದಲ್ಲಿ ಗಾಳಿ ಎಬ್ಬಿಸಿದ ಅಲೆ ನಮ್ಮಲ್ಲಿ ಗಾಳಿಯೇ ಇಲ್ಲದಾಗಲೂ ದಡಕ್ಕೆ ಬಂದು ಮುಟ್ಟುತ್ತದೆ, ಮುಂಗಾರಿನ ಮೊದಲು ಇದು ಸಾಮಾನ್ಯ. ಆ ಹಿರಿಯರು ಬೆಳಿಗ್ಗೆ ನೋಡಿದ್ದು ಅದನ್ನೇ.

ಮೂರನೇ ಅಲೆ ಹಿಂದಿನಿಂದ ಹತ್ತಿ ಒಳಗೆ ಬಿತ್ತು. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ದೋಣಿ ಅಡ್ಡ ತಿರುಗಿತು, ಅಘನಾಶಿನಿ ಬದಿಯ ಬಂಡೆ ಕಡೆ ಜಾರತೊಡಗಿತು. ಜಾಕೆಟ್ ಎಂಟಿದ್ದವು, ನಾವಿದ್ದದ್ದು ಒಂಬತ್ತು ಜನ. ಆ ಎಂಟೂ ಸೆಕೆ ಅಂತ ಬಿಚ್ಚಿ ಕೂರೋಕೆ ಹಾಸಿಕೊಂಡಿದ್ದವು. ನೀರು ಎರಚುತ್ತಾ ಅವನ್ನು ಹಾಕಿಕೊಳ್ಳಿ ಅಂತ ಕೂಗಿದೆ. ಒದ್ದೆ ಜಾಕೆಟಿನ ಬಕಲ್ ಅಲ್ಲಾಡುವ ದೋಣಿಯಲ್ಲಿ ಒಬ್ಬರಿಗೂ ಹಾಕೋಕಾಗಲಿಲ್ಲ. ಬಂದರಿಗೆ ಬರುತ್ತಿದ್ದ ಒಂದು ಮೀನು ಬೋಟಿನವರು ನೋಡಿ ಹಗ್ಗ ಎಸೆಯದಿದ್ದರೆ ಈ ಲೇಖನ ನಾನು ಬರೆಯುತ್ತಿರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಎರಡು ಫೋನ್ ಹಾಳಾದವು. ದಡಕ್ಕೆ ಬಂದ ಮೇಲೆ ಆ ಅರವತ್ತರ ಹಿರಿಯರು ಪಂಚೆ ಹಿಂಡುತ್ತಾ ಕೇಳಿದರು, "ನಿಮಗೆ ಈಜು ಬರ್ತದಾ?"

"ಬರ್ತದೆ."

"ನಮ್ಮಲ್ಲಿ ಒಬ್ಬರಿಗೂ ಬರಲ್ಲ. ನೀವು ಕೇಳಲೇ ಇಲ್ಲ ನೋಡ್ರಿ."

ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು. ನಾನು ಆ ಎರಡು ಸಾವಿರವನ್ನಷ್ಟೇ ಅಲ್ಲ, ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಅವರು ಊಟದ ದುಡ್ಡು ಇಟ್ಟುಕೋ ಅಂದರು. ಆ ದಿನ ಕುರ್ವೆಯ ಮನೆಯಲ್ಲಿ ಎಂಟು ಜನರ ಅಡಿಗೆ ಆರಿ ಕೂತಿತ್ತು, ಅದು ನನಗೆ ನೆನಪಾದದ್ದು ರಾತ್ರಿ.

ನನ್ನ ದೋಣಿಯ ನೋಂದಣಿ ಹೊಳೆಯೊಳಗಿನ ಓಡಾಟಕ್ಕೆ ಮಾತ್ರ. ಹೊರಗೆ ಏನಾದರೂ ಆಗಿದ್ದರೆ ವಿಮೆ ಬರುತ್ತಿರಲಿಲ್ಲ, ಜೈಲಿಗೆ ಹೋಗಬೇಕಾಗ್ತಿತ್ತು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹಾವೇರಿ ಜಿಲ್ಲೆಯವರೂ ಅದರಲ್ಲಿ ಇದ್ದರು. ಆ ಸುದ್ದಿ ಓದಿದವನೇ ನಾನು, ಓದಿಯೂ ಹೀಗೆ ಮಾಡಿದವನು.

ಆ ಮೇಲೆ ಬದಲಾದದ್ದು ಇಷ್ಟು. ದೋಣಿ ಅಳಿವೆ ದಾಟೋದಿಲ್ಲ, ಯಾರು ಎಷ್ಟು ಕೊಟ್ಟರೂ. ಜಾಕೆಟ್ ಹನ್ನೆರಡು, ಮಕ್ಕಳ ಅಳತೆಯದ್ದು ಮೂರು ಬೇರೆ. ಧಕ್ಕೆಯಲ್ಲೇ ಹಾಕಿ ಬಕಲ್ ನಾನೇ ನೋಡಿದ ಮೇಲೆ ದೋಣಿ ಹತ್ತೋದು, ನಾನೂ ಹಾಕ್ತೇನೆ. ಈಜು ಯಾರಿಗೆ ಬರುತ್ತೆ ಅಂತ ಬುಕ್ಕಿಂಗ್ ಮಾಡುವಾಗಲೇ ಕೇಳ್ತೇನೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಎಚ್ಚರಿಕೆಯನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡ್ತೇನೆ. ಎಚ್ಚರಿಕೆ ಇದ್ದರೆ ಹೊಳೆಯೊಳಗೂ ಇಲ್ಲ. ಅದರ ಜೊತೆಗೆ ಬಲೆ ಹೆಣೆಯುವ ಹಿರಿಯರನ್ನೂ ಕೇಳ್ತೇನೆ. ಅವರೂ ಈಗ ಸ್ವಲ್ಪ ಜಂಬ ಮಾಡ್ತಾರೆ, ಮಾಡಲಿ.

ಕಡಲೊಳಗಿನ ದ್ವೀಪವನ್ನೇ ನೋಡಬೇಕು ಅನ್ನುವವರನ್ನು ಮಲ್ಪೆಗೆ ಕಳಿಸ್ತೇನೆ. ಅಲ್ಲಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಅನುಮತಿ ಇರುವ ದೊಡ್ಡ ಬೋಟುಗಳಿವೆ. ಕಂಬ ಜೋಡಿಸಿಟ್ಟ ಹಾಗಿರುವ ಅಲ್ಲಿನ ಬಂಡೆ, ಮಡಗಾಸ್ಕರ್ ಮತ್ತು ಭಾರತ ಬೇರೆಯಾಗುತ್ತಿದ್ದ ಕಾಲದ ಲಾವಾ ತಣಿದು ಆದದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು ಅಂತಾರೆ. ಮುರ್ಡೇಶ್ವರದಿಂದ ನೇತ್ರಾಣಿ ಇದೆ, ಅದು ನೀರಿಗೆ ಧುಮುಕುವವರಿಗೆ. ಎಲ್ಲಿಗೇ ಹೋದರೂ ಮೇ ಮಧ್ಯ ದಾಟಿದ ಮೇಲೆ ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಮಳೆಗಾಲದ ತಿಂಗಳುಗಳಲ್ಲಿ ಬೋಟು ನಿಲ್ಲುತ್ತದೆ, ಯಾವ ದಿನದಿಂದ ಅನ್ನೋದನ್ನು ಕಡಲೇ ತೀರ್ಮಾನ ಮಾಡೋದು. ನಿಮ್ಮ ಕಣ್ಣೆದುರು ಜಾಕೆಟ್ ಕೊಡದ, ತಲೆ ಎಣಿಸದ ದೋಣಿಗೆ ಹತ್ತಬೇಡಿ. ಮುಂಗಡ ಕೊಟ್ಟಾಗಿದ್ದರೆ ಅದು ಹೋಗಲಿ.

ದೋಣಿ ಇಡಬೇಕು ಅನ್ನೋ ರೈತರಿಗೆ: ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಹೊಸದಾಗಿ ಬಂದಿದೆ. ಎಂಜಿನ್ ಇರುವ ದೋಣಿಯಲ್ಲಿ ದುಡ್ಡು ತೆಗೆದುಕೊಂಡು ಜನ ಕೂರಿಸೋದಾದರೆ ಸರ್ವೆ, ನೋಂದಣಿ, ವಿಮೆ ಎಲ್ಲ ಬೇಕು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಚೇರಿಗೆ ದೋಣಿ ಕೊಳ್ಳುವ ಮೊದಲೇ ಹೋಗಿ ಬನ್ನಿ. ಕೊಂಡ ಮೇಲೆ ಹೋದರೆ ಈ ದೋಣಿಗೆ ಆಗಲ್ಲ ಅಂತ ಹೇಳಿಸಿಕೊಳ್ಳಬೇಕಾದೀತು. ನನಗೆ ಎರಡು ತಿಂಗಳು ಹಿಡಿಯಿತು, ಒಂದು ಪೂರ್ತಿ ಬೇಸಿಗೆ ಕೈತಪ್ಪಿತು.

ಮೇ ಇಪ್ಪತ್ತು

ದೋಣಿಯ ಕಲೆಕ್ಷನ್ ಅತಿ ಜೋರು ಇರೋದು ಮೇ ಕೊನೆಯ ಎರಡು ವಾರ. ಶಾಲೆ ಶುರುವಾಗೋಕೆ ಮುಂಚೆ ಎಲ್ಲರಿಗೂ ಒಮ್ಮೆ ಹೋಗಿಬರುವ ಅವಸರ. ನನ್ನ ಕಟ್ಟೆ ಕೆಲಸವೂ ಅದೇ ಎರಡು ವಾರದಲ್ಲಿ.

ಗಜನಿ ಒಬ್ಬನ ಗದ್ದೆ ಅಲ್ಲ. ಒಂದೇ ಕಟ್ಟೆಯೊಳಗೆ ಹತ್ತಾರು ಮನೆಯವರ ಭೂಮಿ. ಭೂಮಿ ಇದ್ದಷ್ಟಕ್ಕೆ ಇಷ್ಟು ಮಾರು ಕಟ್ಟೆ ಅಂತ ನಮ್ಮಲ್ಲಿ ಪಾಲು. ಬೇಸಿಗೆಯಲ್ಲಿ ಏಡಿ ಕೊರೆದ ಬಿಲ ಮುಚ್ಚಬೇಕು, ಇಳಿತದ ಹೊತ್ತಿಗೆ ಹಳ್ಳಕ್ಕೆ ಇಳಿದು ಕೆಸರಿನ ಹೆಂಟೆ ಕಡಿದು ಪೇರಿಸಬೇಕು, ಬಾಗಿಲಿನ ಹಲಗೆ ನೋಡಬೇಕು. ದೋಣಿ ಇಟ್ಟ ಮೊದಲ ವರ್ಷ ಬುಕ್ಕಿಂಗ್ ಇದೆ ಅಂತ ನಾನು ನಾಳೆ ನಾಳೆ ಅಂದೆ. ಅಮಾವಾಸ್ಯೆ ಭರತಕ್ಕೆ ನನ್ನ ಪಾಲಿನ ಜಾಗದಲ್ಲೇ ಏಡಿ ಬಿಲದಿಂದ ನೀರು ಒಸರಿ, ಬೆಳಗಾಗೋದರೊಳಗೆ ಎರಡು ಮಾರು ಕಟ್ಟೆ ಕುಸಿದು ಹೋಯಿತು. ಉಪ್ಪುನೀರು ಎಲ್ಲರ ಗದ್ದೆಗೂ ನಿಂತಿತು. ಬಿತ್ತನೆ ಆಗಿರಲಿಲ್ಲ, ಅದೊಂದು ಪುಣ್ಯ. ಆದರೂ ಆ ಉಪ್ಪು ತೊಳೆದು ಹೋಗೋಕೆ ಮತ್ತಷ್ಟು ಮಳೆ ಬೇಕಾಯಿತು. ಮೊಳಕೆ ಕಟ್ಟಿಟ್ಟಿದ್ದ ಎರಡು ಮನೆಯವರ ಬೀಜ ಕೆಟ್ಟಿತು. ಬೀಜ ನಾನು ಕೊಟ್ಟೆ. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಮಾಣಿಕಟ್ಟಾದಲ್ಲಿ ನೆಂಟರ ಮನೆಗೆ ಹೋಗಿ ತಂದೆ.

ದೊಡ್ಡಪ್ಪ ಕಟ್ಟೆ ಮೇಲೆ ನಿಂತು ಹೆಂಟೆ ಎತ್ತಿ ಕೊಡುತ್ತಾ ಒಂದೇ ಮಾತು ಕೇಳಿದ್ದು, "ನಿನ್ನ ಬುಕ್ಕಿಂಗು ಭರತಕ್ಕೆ ಗೊತ್ತಿತ್ತೇನ ತಮಾ?"

ನಮ್ಮ ಸುತ್ತಮುತ್ತ ಎಷ್ಟೋ ಗಜನಿಗಳಲ್ಲಿ ಈಗ ಕಗ್ಗ ಇಲ್ಲ. ಕಟ್ಟೆ ಕೆಲಸಕ್ಕೆ ಜನ ಸೇರೋದಿಲ್ಲ, ಸಿಗಡಿಗೆ ಕೊಟ್ಟು ಸುಮ್ಮನಾಗ್ತಾರೆ. ನಮ್ಮಲ್ಲೂ ಹಾಗಾದರೆ ನನ್ನ ದೋಣಿಯಲ್ಲಿ ಮಾರೋಕೆ ಅಕ್ಕಿಯೂ ಇಲ್ಲ, ಕುರ್ವೆ ಮನೆಯಲ್ಲಿ ಬಡಿಸೋಕೆ ಗಂಜಿಯೂ ಇಲ್ಲ. ಬರುವವರು ಮತ್ತೆ ಬರೋದು ಯಾತಕ್ಕೆ?

ಹಾಗಾಗಿ ಈ ಸಲ ಕೊನೆಯ ಟ್ರಿಪ್ ಮೇ 20. ಅದರ ಮರುದಿನ ದೋಣಿ ಮೇಲಕ್ಕೆಳೆದು, ಎಂಜಿನ್ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಮಡಲು ಮುಚ್ಚೋದು. ದಾವಣಗೆರೆಯ ಆ ಹಿರಿಯರು ಈ ವರ್ಷ ಮೊಮ್ಮಕ್ಕಳ ಜೊತೆ ಬರ್ತಾರಂತೆ, ಮಕ್ಕಳ ಜಾಕೆಟ್ ಇದೆಯಾ ಅಂತ ಈಗಲೇ ಕೇಳಿಟ್ಟಿದ್ದಾರೆ. ನೀವು ಬರೋದಾದರೆ ಮೇ 20ರೊಳಗೆ ಬನ್ನಿ. ಆಮೇಲೆ ಫೋನ್ ಮಾಡಿದರೆ ಎತ್ತೋದಿಲ್ಲ, ಕೈಯೆಲ್ಲ ಕೆಸರಿರುತ್ತೆ.